ಲೀಡ್ಸ್‌ನಿಂದ ಒಂದು ಪತ್ರ: ನಮ್ಮ ಎಂಟು ನಿಮಿಷದ ಸಿನಿಮಾ

ಲೀಡ್ಸ್, ಇಂಗ್ಲೆಂಡ್
ಫೆಬ್ರವರಿ 2025

ಪ್ರೀತಿಯ ಅಪ್ಪಯ್ಯನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅಮ್ಮನ ಮೊಣಕಾಲು ನೋವು ಹೇಗಿದೆ? ಫೋನಿನಲ್ಲಿ ಕೇಳಿದರೆ "ಅಡ್ಡಿಲ್ಲ" ಅಂತ ಮಾತು ಮುಗಿಸಿಬಿಡುತ್ತಾಳೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಇದನ್ನು ಓದಿ ಅವಳಿಗೂ ಹೇಳಿ.

"ಅದೆಂಥ ಸಿನಿಮಾ, ಯಾರು ಹೀರೋ" ಅಂತ ನೀವು ಕೇಳಿದ್ದಿರಲ್ಲ, ಅವತ್ತು ಸರಿಯಾಗಿ ಹೇಳಲಿಕ್ಕೆ ಆಗಲಿಲ್ಲ. ಈಗ ಎಡಿಟಿಂಗ್ ಒಂದು ಹಂತಕ್ಕೆ ಬಂದಿದೆ. ಪುರುಸೊತ್ತಾಗಿ ಬರೆಯುತ್ತೇನೆ.

ಕಾಲೇಜಿಗೆ ಅಂತ ಮಾಡುತ್ತಿರುವ ಸಿನಿಮಾ ಇದು, ತಂಡದಲ್ಲಿ ಐದು ಜನ ಇದ್ದೇವೆ. ಡೈರೆಕ್ಷನ್ ನೈಜೀರಿಯಾದ ಹುಡುಗಿಯದು. ಕ್ಯಾಮೆರಾ ಪೋಲೆಂಡಿನ ಹುಡುಗನದು. ಎಡಿಟಿಂಗ್ ತ್ರಿಶೂರಿನವನದು. ಪರ್ಮಿಷನ್ನು, ಖರ್ಚು, ಊಟ ಎಲ್ಲ ನೋಡಿಕೊಳ್ಳುವವಳು ಇದೇ ಊರಿನವಳು. ಸೌಂಡ್ ನನ್ನದು. ಕೆಲಸ ಹಂಚಿಕೊಳ್ಳುವಾಗ ಎಲ್ಲರ ಕಣ್ಣೂ ಕ್ಯಾಮೆರಾ ಮೇಲೇ ಇರುತ್ತದೆ. ಉದ್ದ ಕೋಲಿಗೆ ಮೈಕ್ ಕಟ್ಟಿಕೊಂಡು ಕೈ ಮೇಲೆತ್ತಿ ನಿಲ್ಲುವ ಕೆಲಸ ಯಾರಿಗೂ ಬೇಡ. ನಾನು ಅದನ್ನೇ ಕೇಳಿ ತಗೊಂಡೆ. ಚಿತ್ರ ಸ್ವಲ್ಪ ಮಸುಕಾಗಿದ್ದರೆ ಜನ ಸುಧಾರಿಸಿಕೊಂಡು ನೋಡುತ್ತಾರೆ. ಮಾತು ಕೇಳಿಸದಿದ್ದರೆ ಮಾತ್ರ ಎದ್ದು ಹೋಗುತ್ತಾರೆ. ಮೈಕ್ ಕೈಕೊಟ್ಟ ರಾತ್ರಿ ಯಕ್ಷಗಾನ ಆಟದ ಕಥೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ?

ಸಿನಿಮಾ ಇಲ್ಲಿನ ಕರ್ಕ್‌ಗೇಟ್ ಮಾರ್ಕೆಟ್ಟಿನದು. ಬಹಳ ದೊಡ್ಡ ಮಾರುಕಟ್ಟೆ, ನಡೆಸುವುದು ಲೀಡ್ಸ್ ನಗರಾಡಳಿತ. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಹೆಸರು ಕೇಳಿದ್ದೀರಲ್ಲ, ಆ ಕಂಪನಿ ಹುಟ್ಟಿದ್ದು ಇಲ್ಲೇ. ಮೈಕೆಲ್ ಮಾರ್ಕ್ಸ್ ಅನ್ನುವ ಯಹೂದಿ ವಲಸೆಗಾರ 1884ರಲ್ಲಿ ಈ ಮಾರುಕಟ್ಟೆಯಲ್ಲಿ ಚಿಕ್ಕ ಅಂಗಡಿ ಹಾಕಿಕೊಂಡು ಒಂದೊಂದು ಪೆನ್ನಿ ನಾಣ್ಯಕ್ಕೆ ಸಾಮಾನು ಮಾರಿದ. ಈಗ ಕಾಣುವ ಭರ್ಜರಿ ಮುಂಭಾಗ 1904ರದು. ಮೇಲೆ ಗಾಜಿನ ಛಾವಣಿ, ಸುತ್ತ ಎರಕದ ಕಬ್ಬಿಣದ ಕೆಲಸ, ಬಾಲ್ಕನಿ ಹೊತ್ತು ನಿಂತಿರುವ ಡ್ರ್ಯಾಗನ್‌ಗಳು. ಹಿಂದಿನ ಭಾಗ 1975ರ ಬೆಂಕಿಯಲ್ಲಿ ಹೋಯಿತು.

ಇಷ್ಟೆಲ್ಲ ಇದ್ದರೂ ನಾವು ಹಿಡಿದದ್ದು ಒಂದೇ ಅಂಗಡಿ. ಗುಂಡಿ, ದಾರ, ಜಿಪ್, ಲೇಸು ಮಾರುವ ಅಂಗಡಿ. ನಡೆಸುವವರು ನಮ್ಮ ಅಜ್ಜಿಗಿಂತ ಸ್ವಲ್ಪ ಚಿಕ್ಕವರಿರಬಹುದು. ಕ್ಯಾಮೆರಾ ಹಿಡಿಯುವ ಮೊದಲು ಡೈರೆಕ್ಟರ್ ಹುಡುಗಿ ಒಂದು ಸಾಲು ಬರೆದು ಗೋಡೆಗೆ ಅಂಟಿಸಿದಳು: "ಒಬ್ಬ ಹೆಂಗಸು ಬೆಳಿಗ್ಗೆ ಅಂಗಡಿ ತೆಗೆಯುತ್ತಾಳೆ, ಸಂಜೆ ಮುಚ್ಚುತ್ತಾಳೆ." ಈ ಸಾಲಿನೊಳಗೆ ಬರದ್ದು ಯಾವುದೂ ಸಿನಿಮಾದಲ್ಲಿ ಬೇಡ ಅಂತ ಕಟ್ಟುನಿಟ್ಟು. ಮೈಕೆಲ್ ಮಾರ್ಕ್ಸ್ ಹೋದ, ಡ್ರ್ಯಾಗನ್ನುಗಳೂ ಹೋದವು. ನನಗೆ ಅವಳ ಮೇಲೆ ಗೌರವ ಬಂದದ್ದು ಅವತ್ತೇ.

ಶೂಟಿಂಗ್‌ಗಿಂತ ಅದರ ಹಿಂದಿನ ಕಾಗದಪತ್ರವೇ ಜಾಸ್ತಿ ಅಪ್ಪಯ್ಯ. ಮಾರುಕಟ್ಟೆಯವರ ಅನುಮತಿ, ಅಂಗಡಿಯವರ ಸಹಿ, ನೆಲದ ಮೇಲೆ ವೈರ್ ಹಾದುಹೋದರೆ ಯಾರೂ ಎಡವದ ಹಾಗೆ ಏನು ಮಾಡುತ್ತೀರಿ ಅನ್ನುವುದಕ್ಕೂ ಒಂದು ಫಾರಂ. ಹಿಂದಿನ ದಿನವೇ ಕಾಲ್ ಶೀಟ್ ಬರುತ್ತದೆ. ಯಾರು ಎಷ್ಟು ಹೊತ್ತಿಗೆ ಎಲ್ಲಿರಬೇಕು, ಊಟ ಯಾವಾಗ, ಹತ್ತಿರದ ಆಸ್ಪತ್ರೆ ಯಾವುದು, ಎಲ್ಲ ಅದರಲ್ಲಿರುತ್ತದೆ. ಜನವರಿಯಲ್ಲಿ ಇಲ್ಲಿ ಸಂಜೆ ನಾಲ್ಕೂಕಾಲು, ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಗಾಜಿನ ಛಾವಣಿಯಿಂದ ಬೀಳುವ ಬೆಳಕು ನಂಬಿಕೊಂಡರೆ ಸಿಗುವುದು ನಾಲ್ಕಾರು ಗಂಟೆ ಅಷ್ಟೇ. ಆಮೇಲೆ ಟ್ಯೂಬ್‌ಲೈಟೇ ಗತಿ. ಇಲ್ಲಿನ ಕರೆಂಟು ನಮ್ಮಲ್ಲಿಯ ಹಾಗೇ 50 ಹರ್ಟ್ಸ್. ಅದಕ್ಕೆ ಸರಿಯಾಗಿ ಸೆಕೆಂಡಿಗೆ 25 ಫ್ರೇಮ್, ಕ್ಯಾಮೆರಾದ ಶಟರ್ ಸೆಕೆಂಡಿನ 1/50 ಇಟ್ಟರು. ತಪ್ಪಿದರೆ ಟ್ಯೂಬ್‌ಲೈಟು ಚಿತ್ರದಲ್ಲಿ ಮಿಣಮಿಣ ಅನ್ನುತ್ತದೆ. ಪೋಲೆಂಡಿನವನು ಇಂಥದ್ದರಲ್ಲೆಲ್ಲ ಬಹಳ ಚುರುಕು.

ನನ್ನ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆ ಅಂಗಡಿಯಲ್ಲಿ ಕಣ್ಣು ಮುಚ್ಚಿ ನಿಂತರೆ ಎಷ್ಟು ಕೇಳಿಸುತ್ತದೆ ಗೊತ್ತಾ? ಶಟರ್ ಎತ್ತುವಾಗ ಮೊದಲು ಕಿರ್ ಅಂದು, ಆಮೇಲೆ ಒಂದೇ ಸಲ ದಡದಡ ಮೇಲೆ ಹೋಗುತ್ತದೆ. ಗುಂಡಿಗಳನ್ನು ತಗಡಿನ ಡಬ್ಬಿಗೆ ಸುರಿದರೆ ಒಂದು ಸದ್ದು, ಮರದ ಡ್ರಾಯರಿಗೆ ಸುರಿದರೆ ಇನ್ನೊಂದು. ಹತ್ತಿಬಟ್ಟೆಗೆ ಅವರು ಕತ್ತರಿಯಿಂದ ಚೂರೇ ಚೂರು ಗೀರು ಹಾಕಿ, ಉಳಿದದ್ದನ್ನು ಎರಡು ಕೈಯಲ್ಲಿ ಹಿಡಿದು ಸರ್ರನೆ ಹರಿಯುತ್ತಾರೆ. ಎಳೆ ಹಿಡಿದು ನೇರಕ್ಕೆ ಹರಿದು ಬರುತ್ತದೆ. ಅದನ್ನು ಹತ್ತಿರದಿಂದ ಹಿಡಿಯಬೇಕು ಅಂತ ಮೈಕನ್ನು ಅವರ ಮುಂಗೈ ಹತ್ತಿರವೇ ತಂದೆ. ಎಡಿಟಿಂಗ್ ರೂಮಿನಲ್ಲಿ ಕೇಳಿದಾಗ ತ್ರಿಶೂರಿನವನು ಕುರ್ಚಿಯಲ್ಲಿ ಎದ್ದು ಕೂತ.

ತೊಂದರೆ ಇದ್ದದ್ದು ಕೌಂಟರಿನ ಕೆಳಗೆ. ಚಹಾದ ಹಾಲಿಗೆ ಅಂತ ಅವರು ಸಣ್ಣ ಫ್ರಿಜ್ ಇಟ್ಟುಕೊಂಡಿದ್ದಾರೆ. ಅದರ ಗುಂಯ್ ಅನ್ನುವ ಸದ್ದು ಎಲ್ಲದರ ಕೆಳಗೂ ಸೇರಿಕೊಳ್ಳುತ್ತದೆ. ಅವರನ್ನು ಕೇಳಿ ಸ್ವಿಚ್ ಆಫ್ ಮಾಡಿ, ನನ್ನ ರೂಮಿನ ಬೀಗದ ಕೈಯನ್ನು ಅದರೊಳಗೆ ಇಟ್ಟೆ. ಸೌಂಡಿನವರು ಒಬ್ಬರಿಂದೊಬ್ಬರು ಕಲಿಯುವ ಉಪಾಯ ಇದು. ಹೊರಡುವಾಗ ಬೀಗದ ಕೈ ಬೇಕೇ ಬೇಕು, ಫ್ರಿಜ್ ತೆಗೆದಾಗ ಮತ್ತೆ ಆನ್ ಮಾಡುವುದು ನೆನಪಾಗುತ್ತದೆ, ಅವರ ಹಾಲು ಕೆಡುವುದಿಲ್ಲ. ಅಮ್ಮನಿಗೆ ಇದನ್ನು ಖಂಡಿತ ಹೇಳಿ.

ಮಾರುಕಟ್ಟೆ ಮುಚ್ಚಿದ ಮೇಲೆ ಇನ್ನೊಂದು ಕೆಲಸ. ಯಾರೂ ಮಾತಾಡದೆ, ಕಾಲು ಎತ್ತಿಡದೆ ಒಂದು ನಿಮಿಷ ನಿಲ್ಲಬೇಕು. ಆಗ ಬರೇ ಆ ಜಾಗದ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳುತ್ತೇವೆ. ರೂಮ್ ಟೋನ್ ಅಂತಾರೆ. ಎಡಿಟ್ ಮಾಡುವಾಗ ಮಾತಿನ ನಡುವೆ ಖಾಲಿ ಬಿಟ್ಟಲ್ಲಿ ಅದನ್ನು ತುಂಬುತ್ತಾರೆ. ಇಲ್ಲದಿದ್ದರೆ ಸದ್ದು ಪಟ್ಟಂತ ಕಡಿದು ಹೋಗಿ ನೋಡುವವರಿಗೆ ಏನೋ ತಪ್ಪಿದಂತೆ ಆಗುತ್ತದೆ.

ನಾವು ಜಾಸ್ತಿ ಜಗಳ ಮಾಡಿದ್ದು ಒಂದು ಮಾತಿನ ಬಗ್ಗೆ. ಅಂಗಡಿಯವರ ಕಾಲರಿಗೆ ಸಣ್ಣ ಮೈಕ್ ಸಿಕ್ಕಿಸಿದ್ದೆವು. ಒಬ್ಬ ಗಿರಾಕಿ ಕಪ್ಪು ಕೋಟಿಗೆ ಗುಂಡಿ ಹುಡುಕಿಕೊಂಡು ಬಂದರು. ಹೆಂಡತಿ ತೀರಿಕೊಂಡಿದ್ದರು, ಮರುದಿನ ಅಂತ್ಯಕ್ರಿಯೆ. ಮೆಲ್ಲಗೆ ಆಡಿದ ಮಾತು. ಕ್ಯಾಮೆರಾ ಆಗ ಇನ್ನೆಲ್ಲೋ ತಿರುಗಿತ್ತು, ಆದರೆ ನನ್ನ ಹೆಡ್‌ಫೋನಿಗೆ ಪೂರ್ತಿ ಬಂತು. ಅಷ್ಟು ನಿಜವಾದ ಮಾತು ನಮ್ಮ ಸಿನಿಮಾದಲ್ಲಿ ಬೇರೆ ಇಲ್ಲ. ಮುಖ ಕಾಣುವುದಿಲ್ಲ, ಹೆಸರಿಲ್ಲ, ಇಟ್ಟುಕೊಳ್ಳೋಣ ಅಂತ ಇಬ್ಬರು ಹೇಳಿದರು. ಬೇಡವೇ ಬೇಡ ಅಂತ ನಾನು ಹಟ ಹಿಡಿದೆ. ಅವರು ನಮ್ಮ ಹತ್ತಿರ ಮಾತಾಡಿದ್ದಲ್ಲ, ಪರಿಚಯದ ಅಂಗಡಿಯವರ ಹತ್ತಿರ ಮಾತಾಡಿದ್ದು. ದನಿ ಅಂದರೂ ಮನುಷ್ಯನೇ ಅಲ್ವಾ? ಕೊನೆಗೆ ಡೈರೆಕ್ಟರ್ ನನ್ನ ಕಡೆ ನಿಂತಳು. ಆ ರೆಕಾರ್ಡಿಂಗನ್ನು ಅಳಿಸಿದೆವು. ಗುಂಡಿ ಆರಿಸಿ ಕಾಗದದ ಚೀಲಕ್ಕೆ ಹಾಕುವ ಅಂಗಡಿಯವರ ಕೈ ಮಾತ್ರ ಉಳಿದಿದೆ. ಸಿನಿಮಾ ಅದರಿಂದ ಬಡವಾಗಿದೆ ಅಂತ ನನಗೆ ಅನಿಸುವುದಿಲ್ಲ.

ಅಪ್ಪಯ್ಯ, ಸಿನಿಮಾ ಹುಟ್ಟಿದ್ದು 1895ರಲ್ಲಿ ಪ್ಯಾರಿಸ್ಸಿನಲ್ಲಿ ಅಂತ ನೀವು ಹೇಳುತ್ತಿದ್ದಿರಿ, ಹೆಗ್ಗೋಡಿನಲ್ಲಿ ಕೇಳಿದ್ದು ಅಂತ. ಟಿಕೆಟ್ ಮಾರಿ ತೋರಿಸಿದ ಲೆಕ್ಕದಲ್ಲಿ ಹಾಗೆ ಹೇಳುವುದು ರೂಢಿ. ಆದರೆ ಅದಕ್ಕೂ ಏಳು ವರ್ಷ ಮೊದಲು, 1888ರ ಅಕ್ಟೋಬರಿನಲ್ಲಿ, ಲೂಯಿ ಲೆ ಪ್ರಿನ್ಸ್ ಅನ್ನುವ ಫ್ರೆಂಚಿನವರು ಇದೇ ಲೀಡ್ಸ್‌ನ ರೌಂಡ್‌ಹೇ ಅನ್ನುವಲ್ಲಿ ತಮ್ಮ ಮನೆಯವರು ತೋಟದಲ್ಲಿ ಸುತ್ತುವುದನ್ನು ಚಿತ್ರ ಹಿಡಿದಿದ್ದರು. ನಮ್ಮ ಮಾರುಕಟ್ಟೆಯಿಂದ ನಡೆದುಹೋಗುವಷ್ಟು ಹತ್ತಿರದ ಲೀಡ್ಸ್ ಸೇತುವೆಯನ್ನೂ ಹಿಡಿದಿದ್ದರು. 1890ರಲ್ಲಿ ಫ್ರಾನ್ಸಿನ ಡಿಜೋನ್ ಊರಿನಲ್ಲಿ ರೈಲು ಹತ್ತಿದ ಲೆ ಪ್ರಿನ್ಸ್ ಮತ್ತೆ ಯಾರಿಗೂ ಕಾಣಲಿಲ್ಲ. ಆ ತೋಟದ ಚಿತ್ರ ಇರುವುದು ಕೆಲವೇ ಸೆಕೆಂಡು. ಅದರಲ್ಲಿರುವ ಅವರ ಅತ್ತೆ ಸಾರಾ ವಿಟ್ಲಿ ಹತ್ತು ದಿನಕ್ಕೆ ತೀರಿಕೊಂಡರು. ಆ ಅಜ್ಜಿ ತಿರುಗುವುದು ಇವತ್ತಿಗೂ ಕಾಣುತ್ತದೆ. ಏನು ಮಾತಾಡಿದರು ಅಂತ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಅಜ್ಜಿಯದೂ ಫೋಟೋ ಬೇಕಾದಷ್ಟಿವೆ, ದನಿ ಒಂದೂ ಇಲ್ಲ. ಸೌಂಡಿನ ಕೆಲಸಕ್ಕೆ ನಾನು ಇಷ್ಟು ಅಂಟಿಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಪಿಯಾನೋ ಹಾಕಬೇಕೋ ಬೇಡವೋ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ನನಗೆ ಬೇಡ ಅನಿಸುತ್ತದೆ. ಮೊದಲ ಜೋಡಣೆ ಇಪ್ಪತ್ತು ನಿಮಿಷ ಇತ್ತು, ಈಗ ಎಂಟಕ್ಕೆ ಬಂದಿದೆ. ಕಾಲೇಜಿನಲ್ಲಿ ತೋರಿಸುವ ಮೊದಲು ಅಂಗಡಿಯವರಿಗೇ ತೋರಿಸಬೇಕು ಅಂತ ಎಲ್ಲರೂ ಒಪ್ಪಿದ್ದೇವೆ. ಅವರು ಬೇಡ ಅಂದದ್ದು ತೆಗೆಯುತ್ತೇವೆ. ಆಮೇಲೆ ನಿಮಗೆ ಕಳಿಸುತ್ತೇನೆ. ಫೋನ್ ಸ್ಪೀಕರಿನಲ್ಲಿ ನೋಡಬೇಡಿ, ತಮ್ಮನ ಹೆಡ್‌ಫೋನ್ ಹಾಕಿಕೊಂಡು ನೋಡಿ.

ಇನ್ನೊಂದು ವಿಷಯ. ಡಿಸೆಂಬರ್ ರಜೆಗೆ ಊರಿಗೆ ಬರುತ್ತೇನೆ. ಅಷ್ಟು ಹೊತ್ತಿಗೆ ಅಡಿಕೆ ಗೊನೆ ಕೊಯ್ಲು ನಡೆದಿರುತ್ತದೆ. ಈಗ ಎಲ್ಲ ಕಡೆ ಅಡಿಕೆ ಸುಲಿಯುವ ಮೆಷೀನು ಬಂದಿದೆ, ಆದರೂ ರಾತ್ರಿ ಸಾಲಾಗಿ ಕೂತು ಮೆಟ್ಟುಗತ್ತಿಯಲ್ಲಿ ಸುಲಿಯುವ ಮನೆ ನಮ್ಮ ಕಡೆ ಯಾವುದಾದರೂ ಉಳಿದಿದೆಯಾ? ಇದ್ದರೆ ಆ ಸದ್ದು ನನಗೆ ಬೇಕು, ಅವರು ಹೇಳುವ ಕಥೆಗಳ ಸಮೇತ. ನೀವೇ ಒಮ್ಮೆ ಹೋಗಿ ಕೇಳಿ ನೋಡಿ. ರೆಕಾರ್ಡ್ ಮಾಡುತ್ತೇವೆ ಅಂತ ಮೊದಲೇ ಹೇಳಿ. ಮನೆ ಯಜಮಾನರು ಒಪ್ಪಿದರೆ ಸಾಲದು, ಸುಲಿಯುವವರೂ ಒಪ್ಪಬೇಕು. ಏನಂದರು ಅಂತ ತಿಳಿಸಿ, ಅದರ ಮೇಲೆ ಟಿಕೆಟ್ ತಾರೀಕು ನೋಡುತ್ತೇನೆ.

ಅಮ್ಮನಿಗೆ ನಮಸ್ಕಾರ. ತಮ್ಮನಿಗೆ ಪರೀಕ್ಷೆಗೆ ಓದಲು ಹೇಳಿ.

ನಿಮ್ಮ ಪ್ರೀತಿಯ
ಪುಟ್ಟಿ