ಸಕುಟುಂಬ, ಸಪರಿವಾರ

ನಮ್ಮ ಸಂಘದ ಪತ್ರಿಕೆಗೆ ರಾಜ್ಯೋತ್ಸವದ ಆಮಂತ್ರಣ ಬರೆಯಲು ಕೂತರೆ ಕೈ ತನ್ನಷ್ಟಕ್ಕೆ ‘ಸಕುಟುಂಬ ಸಪರಿವಾರ ಸಮೇತರಾಗಿ’ ಅಂತ ಟೈಪ್ ಮಾಡಿಬಿಡುತ್ತದೆ. ಹಿಂದಿನಿಂದ ಇಣುಕಿದ ಮಗಳು ಕೇಳಿದಳು: “ಎರಡೂ ಒಂದೇ ಅಲ್ವಾ ಅಪ್ಪಾ? ಪರಿವಾರ್ ಅಂದ್ರೂ ಫ್ಯಾಮಿಲಿನೇ.” ಗೆಳತಿಯರಿಂದ ಕಲಿತ ಹಿಂದಿ.

ಕನ್ನಡದ ಪರಿವಾರ ಬೇರೆ. ದೊಡ್ಡವರ ಸುತ್ತ ಇರುವ ಮಂದಿ ಅದು. ಅರಸನಿಗೆ ಮಂತ್ರಿ, ಸೇವಕರು, ಕಾವಲಿನವರು. ಗುಡಿಯಲ್ಲಿ ಮೂಲದೇವರ ಸುತ್ತ ಇರುವವರೂ ಪರಿವಾರ ದೇವತೆಗಳೇ. ಅಂದರೆ ಮದುವೆ ಕಾಗದ ಕೈಗೆ ಬಂದ ದಿನ ಮೇಷ್ಟ್ರು, ಗುಮಾಸ್ತ, ಬಸ್ ಕಂಡಕ್ಟರ್ ಎಲ್ಲರೂ ಪರಿವಾರ ಕಟ್ಟಿಕೊಂಡ ಅರಸರು. ಪುಕ್ಕಟೆ ಪಟ್ಟಾಭಿಷೇಕ!

ಅವಳಿಗೆ ಇದನ್ನು ಹೇಳಲು ಹೋಗಿ ಇನ್ನಷ್ಟು ಮಾತು ನೆನಪಾದವು. ಬೆಂಗಾವಲು ಅಂದರೆ ಬೆನ್ನ ಹಿಂದಿನ ಕಾವಲು. ಈಗ ಮಂತ್ರಿಗಳ ಕಾರಿನ ಮುಂದೆ ಸೈರನ್ ಹಾಕಿಕೊಂಡು ಹೋಗುವುದೂ ಬೆಂಗಾವಲು ವಾಹನವೇ. ಹೊಗಳುವುದೇ ಕೆಲಸವಾದರೆ ಭಟ್ಟಂಗಿಗಳು. ಪುಢಾರಿಯ ಹಿಂದೆ ಸುತ್ತುವವರು ಚೇಲಾಗಳು, ಎಲ್ಲರೂ ಸೇರಿದರೆ ಪಟಾಲಂ. ಬೈಗುಳದ ಮಾತೇ ಜಾಸ್ತಿ, ನೋಡಿ. ದೊಡ್ಡವರನ್ನು ನೇರ ಬೈಯಲು ಧೈರ್ಯ ಸಾಲದೆ ಅವರ ಹಿಂದಿನವರನ್ನು ಬೈದಿದ್ದೇವೋ ಏನೋ.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹತ್ತಿರ ಒಂದು ಕಂಬ ಇದೆ. ಶಿಲ್ಪ ನೋಡುವ ಅವಸರದಲ್ಲಿ ಬಹಳ ಜನ ದಾಟಿ ಹೋಗುತ್ತಾರೆ. ಅದು ಕುವರ ಲಕ್ಷ್ಮನದು. 1220ರಲ್ಲಿ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕನಾಗಿದ್ದ ಇವನೂ, ಹೆಂಡತಿ ಸುಗ್ಗಲದೇವಿಯೂ, ಸಾವಿರ ಜನ ವೀರರೂ ದೊರೆಯ ಜೊತೆ ಪ್ರಾಣ ಬಿಟ್ಟರು ಅನ್ನುತ್ತದೆ ಶಾಸನ. ಇಂಥವರನ್ನು ಗರುಡರು ಅನ್ನುತ್ತಿದ್ದರು. ಕಂಬದ ಮೇಲೆ ತಮ್ಮ ತಲೆ ತಾವೇ ಕಡಿದುಕೊಳ್ಳುವವರ ಕೆತ್ತನೆ. ನನಗಂತೂ ಹೆಮ್ಮೆಗಿಂತ ಭಯವೇ ಜಾಸ್ತಿ. ಅದಕ್ಕಿಂತ ಹಡಪದ ಅಪ್ಪಣ್ಣ ಇಷ್ಟ. ಹಡಪ ಅಂದರೆ ಎಲೆ ಅಡಿಕೆ ಚೀಲ. ಅದನ್ನು ಹಿಡಿದು ಬಸವಣ್ಣನವರ ಜೊತೆ ಇದ್ದವರು ತಾವೂ ವಚನ ಬರೆದರು, ಹೆಂಡತಿ ಲಿಂಗಮ್ಮನೂ ಬರೆದರು.

ಇನ್ನು ದಿಬ್ಬಣ. ಚಿಕ್ಕಪ್ಪನ ಮದುವೆಗೆ ಹೊರಟ ಬಾಡಿಗೆ ಬಸ್ಸಿನಲ್ಲಿ ಸೀಟಿಗಿಂತ ಜನ ಜಾಸ್ತಿ. ಮಕ್ಕಳನ್ನೆಲ್ಲ ಡ್ರೈವರ್ ಪಕ್ಕದ ಎಂಜಿನ್ ಡಬ್ಬಿಯ ಮೇಲೆ ಕೂರಿಸಿದ್ದರು. ಕೆಳಗಿನಿಂದ ಬಿಸಿ. ಘಾಟಿ ಶುರುವಾದದ್ದೇ ಹಿಂದಿನ ಸೀಟಿನಲ್ಲಿ ಒಬ್ಬೊಬ್ಬರಾಗಿ ಕಿಟಕಿಗೆ ತಲೆ ಹಾಕಿದರು. ಅತ್ತೆ ಎಲ್ಲರ ಮೂಗಿಗೂ ನಿಂಬೆಹಣ್ಣು ಹಿಡಿದರು. ಬಾಸಿಂಗದ ಪೆಟ್ಟಿಗೆ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದ ಚಿಕ್ಕಪ್ಪನನ್ನು ಯಾರೂ ಕೇಳುವವರಿಲ್ಲ. ಅಲ್ಲಿ ನಡೆಯುತ್ತಿದ್ದದ್ದು ದೊಡ್ಡಪ್ಪನ ಆಡಳಿತ. ಹೆಣ್ಣಿನ ಮನೆಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಬಸ್ಸು ನಿಲ್ಲಿಸಿ ಎಲ್ಲರನ್ನೂ ಇಳಿಸಿದರು. “ಗಂಡು ಮುಂದೆ. ಹೆಂಗಸರು ಹರಿವಾಣ ಹಿಡ್ಕೊಂಡು ಜೊತೆಗೆ. ಏ, ಹುಡುಗರಾ, ಓಡಿದ್ರೆ ಹುಷಾರ್!” ವಾಲಗ ಶುರುವಾಯಿತು. ಚಪ್ಪರದ ಬಾಗಿಲಲ್ಲಿ ಕಾಲಿಗೆ ನೀರು, ಕುಡಿಯಲು ಪಾನಕ. ಬಿಳಿಗೂದಲ ಯಜಮಾನರೊಬ್ಬರು ಚಡ್ಡಿ ಹಾಕಿದ್ದ ನನಗೂ ಕೈ ಮುಗಿದು “ಬನ್ನಿ, ಬನ್ನಿ” ಅಂದರು. ಅಲ್ಲಿವರೆಗೆ ನನಗೆ ಯಾರೂ ಬಹುವಚನ ಹಾಕಿದ್ದಿಲ್ಲ. ಆ ದಿನವೆಲ್ಲ ನಾನು ಓಡಲೇ ಇಲ್ಲ.

ಪುಟದಲ್ಲಿ ಜಾಗ ಮುಗಿಯುತ್ತಾ ಬಂತು, ಸಂಘದ ಸೂಚನೆಗಳು ಬೇಗ ಬೇಗ. ರಾಜ್ಯೋತ್ಸವ ನವೆಂಬರಿನ ಎರಡನೇ ಶನಿವಾರ, ಮಧ್ಯಾಹ್ನ 3ಕ್ಕೆ. ಸಪರಿವಾರ ಅಂತ ಕರೆದಿದ್ದೇವೆ ನಿಜ, ಆದರೂ ಎಷ್ಟು ಎಲೆ ಹಾಕಬೇಕು ಅಂತ ಒಂದು ವಾರ ಮೊದಲೇ ತಿಳಿಸಿ. ಛದ್ಮವೇಷಕ್ಕೆ ಹೆಸರು ಕೊಡುವ ಮಕ್ಕಳು ಈ ಭಾನುವಾರದೊಳಗೆ ಕೊಡಬೇಕು. (ಕಿತ್ತೂರು ಚೆನ್ನಮ್ಮ ಈಗಲೇ ನಾಲ್ವರಿದ್ದಾರೆ. ಬೇರೆ ಯಾರಾದರೂ ಆಗಿ.) ಕನ್ನಡ ತರಗತಿ ದೀಪಾವಳಿ ಮುಗಿದ ಮೇಲೆ ಮತ್ತೆ ಶುರು. ಸದಸ್ಯತ್ವದ ಹಣ ಬಾಕಿ ಇರುವವರಿಗೆ ಅದು ಗೊತ್ತೇ ಇದೆ.

ಮುಖ್ಯ ಅತಿಥಿಗಳು ತಮ್ಮ ಕಡೆಯ ಹತ್ತು ಜನರ ಜೊತೆ ಬರುತ್ತಾರಂತೆ. ಅಷ್ಟೂ ಮಂದಿಯನ್ನು ವಿಮಾನ ನಿಲ್ದಾಣದಿಂದ ಕರೆತರಲು ಸದ್ಯಕ್ಕೆ ಇರುವುದು ಖಜಾಂಚಿಯವರ ಒಂದು ಕಾರು. ದೊಡ್ಡ ಗಾಡಿ ಇರುವವರು ದಯವಿಟ್ಟು ಕೈ ಎತ್ತಿ. ಈ ಪತ್ರಿಕೆಯ ಪರಿವಾರವೂ ಹೇಳಿಕೊಳ್ಳುವಂಥದ್ದಲ್ಲ: ನಾನು, ಮತ್ತೆ ಕರಡು ತಿದ್ದುವ ಒಬ್ಬರು. ಅವರು ಡಿಸೆಂಬರಿನಲ್ಲಿ ಖಾಯಂ ಆಗಿ ಊರಿಗೆ ಹೋಗುತ್ತಿದ್ದಾರೆ. ಒತ್ತಕ್ಷರ ಸರಿಯಾಗಿ ಬರುವವರು ಯಾರಾದರೂ ಇದ್ದರೆ ಫೋನ್ ಮಾಡಿ, ಎಷ್ಟು ಹೊತ್ತಿಗಾದರೂ ಸರಿ, ಎದ್ದೇ ಇರುತ್ತೇನೆ. ಒತ್ತಕ್ಷರ ಬರದವರು ಕುರ್ಚಿ ಎತ್ತಲು ಬನ್ನಿ. ಹಾಲ್ ರಾತ್ರಿ 10ಕ್ಕೆ ಖಾಲಿ ಮಾಡಿ ಕೊಡಬೇಕು.