ಅದೇ ವರ್ಷ, ಎರಡು ಶಕ

ಮಾನ್ಯರೇ,

ಕೊಡಗಿನ ಇತಿಹಾಸದ ಬರಹಗಳಲ್ಲಿ ಕ್ರಿಸ್ತವರ್ಷ ಪಡೆಯಲು ಶಕವರ್ಷಕ್ಕೆ ಕಣ್ಣುಮುಚ್ಚಿ 78 ಕೂಡಿಸುವುದು ನಿಲ್ಲಬೇಕು. ಬ್ರಿಟಿಷ್ ಸೈನ್ಯ ಮಡಿಕೇರಿ ಹೊಕ್ಕಿದ್ದು 1834ರ ಏಪ್ರಿಲ್ 6ರಂದು. ಆ ಸಲದ ಯುಗಾದಿಗೆ ಇನ್ನೂ ಮೂರ್ನಾಲ್ಕು ದಿನವಿತ್ತು. ಹಾಗಾಗಿ ಅದು ಶಕ 1755, ವಿಜಯ ಸಂವತ್ಸರದ ಫಾಲ್ಗುಣ. ಇದಕ್ಕೆ 78 ಕೂಡಿಸಿದರೆ 1833 ಬಂದು ಘಟನೆ ಒಂದು ವರ್ಷ ಹಿಂದೆ ಸರಿಯುತ್ತದೆ! ಜನವರಿಯಿಂದ ಯುಗಾದಿಯವರೆಗೆ 79 ಕೂಡಿಸಬೇಕು. ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇ 7ರ ಸ್ವಾಧೀನ ಘೋಷಣೆಯ ಹೊತ್ತಿಗೆ ಶಕ 1756, ಜಯ ಸಂವತ್ಸರ. ಅಲ್ಲಿ 78 ಸರಿ. ಗತಶಕಕ್ಕೆ (ಮುಗಿದ ವರ್ಷಗಳ ಎಣಿಕೆ, ಮೇಲೆ ಬಳಸಿದ್ದು ಇದೇ) 12 ಸೇರಿಸಿ 60ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ: 1756ಕ್ಕೆ 28, ಅಂದರೆ ಜಯ. ಕೆಲವು ಶಾಸನಗಳಲ್ಲಿ ನಡೆಯುತ್ತಿರುವ ವರ್ಷವನ್ನೂ ಎಣಿಸುವ ವರ್ತಮಾನ ಶಕ ಇರುತ್ತದೆ, ಅದು ಒಂದು ಹೆಚ್ಚು. ಸಂವತ್ಸರದ ಹೆಸರು ತಾಳೆಯಾಗದಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ನೆರೆಯ ಮಲಯಾಳದ ಕೊಲ್ಲಂ ವರ್ಷ ಚಿಂಗಂ ತಿಂಗಳಲ್ಲಿ (ಆಗಸ್ಟ್‌ನಲ್ಲಿ) ಬದಲಾಗುವುದರಿಂದ ಎರಡೂ ದಿನಗಳಿಗೆ 1009. ಯಹೂದಿ ಲೆಕ್ಕದಲ್ಲಿ 5594. ಹಿಜರಿಯಲ್ಲಿ ಎರಡೂ 1249. 1250 ಶುರುವಾದದ್ದು ಮೇ 10ರ ಸುಮಾರಿಗೆ. ಹಿಜರಿ ವರ್ಷಕ್ಕೆ 354 ಅಥವಾ 355 ದಿನ ಮಾತ್ರ, ಆದ್ದರಿಂದ ಕ್ರಿಸ್ತವರ್ಷದಿಂದ ಯಾವಾಗಲೂ ಒಂದೇ ಸಂಖ್ಯೆ ಕಳೆದು ಹೊಂದಿಸಲಾಗದು. ರಷ್ಯಾದವರ ಹಳೆಯ ಜೂಲಿಯನ್ ಪಂಚಾಂಗ 12 ದಿನ ಹಿಂದಿತ್ತು; ಅಲ್ಲಿ ಮೇ 7 ಎಂದರೆ ಏಪ್ರಿಲ್ 25.

ವಾರ ಮಾತ್ರ ಎಲ್ಲರಿಗೂ ಒಂದೇ. ಏಪ್ರಿಲ್ 6 ಭಾನುವಾರ, ಮೇ 7 ಬುಧವಾರ. ಓಲೆ, ಶಾಸನಗಳಲ್ಲಿ ವಾರವಿದ್ದರೆ ದಯವಿಟ್ಟು ಬಿಡದೆ ಅಚ್ಚು ಮಾಡಿ.

– ಇತಿಹಾಸಾಸಕ್ತ ಓದುಗರು, ಮಡಿಕೇರಿ