ಸ್ಮರಣಾರ್ಥ ರೈಫಲ್‌ಗಳ ಮರುಮಾರಾಟದ ಬೆಲೆ ಅಂದಾಜಿಸುವ ಕುರಿತು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿರುವ ತಮ್ಮ ಬಂಧುಗಳ ಮನೆಯಲ್ಲಿ ಚಿನ್ನದ ಲೇಪವುಳ್ಳ ವಿಂಚೆಸ್ಟರ್ ರೈಫಲ್ ಒಂದಿದೆಯೆಂದೂ, ಅದು ವಿಶೇಷ ಆವೃತ್ತಿಯದಾದ್ದರಿಂದ ಇಂದು ಹಲವು ಲಕ್ಷ ರೂಪಾಯಿ ಬೆಲೆಬಾಳುತ್ತದೆಂದೂ ಓದುಗರೊಬ್ಬರು ಕೆಲ ವಾರಗಳ ಹಿಂದೆ ತಮ್ಮ ಪತ್ರಿಕೆಯಲ್ಲಿ ಬರೆದಿದ್ದರು. ಕೊಡಗಿನಲ್ಲಿ ಹುಟ್ಟಿ ಬೆಳೆದು, ಈಗ ಬಹುಕಾಲದಿಂದ ಟೆಕ್ಸಾಸ್‌ನಲ್ಲಿ ನೆಲೆಸಿರುವ ನಾನು ಹಳೆಯ ಲಿವರ್ ರೈಫಲ್‌ಗಳ (ಕೆಳಗಿನ ಸನ್ನೆಯನ್ನು ಆಡಿಸಿ ಗುಂಡು ತುಂಬುವಂಥವು) ಸಂಗ್ರಹದಲ್ಲಿ ಆಸಕ್ತಿಯುಳ್ಳವನು. ಇಲ್ಲಿನ ಕನ್ನಡ ಕುಟುಂಬಗಳಿಂದಲೂ ಊರಿನ ನೆಂಟರಿಂದಲೂ ಇಂಥದೇ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿರುವುದರಿಂದ, ಈ ಕೋವಿಗಳ ಬೆಲೆ ಯಾವುದರಿಂದ ಏರುತ್ತದೆ, ಯಾವುದರಿಂದ ಇಳಿಯುತ್ತದೆ ಎಂಬುದನ್ನು ತಿಳಿದಮಟ್ಟಿಗೆ ಬರೆಯಬೇಕೆನಿಸಿತು. ತಪ್ಪು ಅಂದಾಜಿನಿಂದ ಜನ ಹಣ ಕಳೆದುಕೊಳ್ಳುವುದನ್ನು ನೋಡಿ ಸುಮ್ಮನಿರಲಾಗದು.

ವಿಂಚೆಸ್ಟರ್ ಕಂಪನಿಯ 1894ನೇ ಮಾದರಿಯ ರೈಫಲ್ ಜಾನ್ ಬ್ರೌನಿಂಗ್ ಅವರ ವಿನ್ಯಾಸ. ಜಿಂಕೆ ಬೇಟೆಗೆ ಅಮೆರಿಕದಲ್ಲಿ ಇದರಷ್ಟು ಜನಪ್ರಿಯವಾದ ರೈಫಲ್ ಇನ್ನೊಂದಿಲ್ಲವೆಂದರೂ ನಡೆದೀತು. 2006ರಲ್ಲಿ ನ್ಯೂ ಹೇವನ್ ಕಾರ್ಖಾನೆ ಮುಚ್ಚುವ ಹೊತ್ತಿಗೆ 70 ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು. ಇದೇ ಮಾದರಿಯನ್ನು ಅಲಂಕರಿಸಿ 1964ರಿಂದ ಕಂಪನಿಯು ಯಾವುದಾದರೂ ಘಟನೆಯ ಇಲ್ಲವೆ ವ್ಯಕ್ತಿಯ ನೆನಪಿಗೆಂದು ಸ್ಮರಣಾರ್ಥ ಆವೃತ್ತಿಗಳನ್ನು ಹೊರತರತೊಡಗಿತು. ವಯೋಮಿಂಗ್ ರಾಜ್ಯದ ವಜ್ರ ಮಹೋತ್ಸವಕ್ಕೆಂದು ಆ ವರ್ಷ ತಯಾರಾದದ್ದು ಕೇವಲ 1,500. ಆದರೆ ಎರಡೇ ವರ್ಷಗಳಲ್ಲಿ, ಕಂಪನಿ ತನ್ನ ಶತಮಾನೋತ್ಸವಕ್ಕೆ ತಂದ ‘ಸೆಂಟೆನಿಯಲ್ 66’ ಒಂದು ಲಕ್ಷ ದಾಟಿತು. ಗಡಿನಾಡಿನ ಸಾಹಸ ಪ್ರದರ್ಶನಗಳಿಂದ ಹೆಸರಾದ ‘ಬಫಲೊ ಬಿಲ್’ ನೆನಪಿನ 1968ರ ಆವೃತ್ತಿಯೂ ಲಕ್ಷ ಮೀರಿತು. ಅಮೆರಿಕದ ಅಧ್ಯಕ್ಷರಾಗಿದ್ದ ‘ಥಿಯೊಡರ್ ರೂಸ್‌ವೆಲ್ಟ್’ ಹೆಸರಿನ 1969ರದು ಸುಮಾರು 50 ಸಾವಿರ, ಕೌಬಾಯ್ ಚಿತ್ರಗಳ ನಟ ‘ಜಾನ್ ವೇಯ್ನ್’ ಹೆಸರಿನ 1981ರದೂ ಸುಮಾರು ಅಷ್ಟೇ. ಹೆಸರಿಗೆ ವಿಶೇಷ ಆವೃತ್ತಿ ನಿಜ. ಸಂಖ್ಯೆಯಲ್ಲಿ ಇವು ವಿರಳವಾದವುಗಳಲ್ಲ.

ತಯಾರಾದ ಸಂಖ್ಯೆಗಿಂತಲೂ ಮುಖ್ಯವಾದದ್ದು ಉಳಿದ ಸಂಖ್ಯೆ. ಸಾಮಾನ್ಯ ರೈಫಲ್ ಕುದುರೆಯ ಜೀನಿನ ಪಕ್ಕದಲ್ಲೋ, ಪಿಕಪ್ ಗಾಡಿಯ ಹಿಂಬದಿಯ ಗಾಜಿನ ಬಳಿಯೋ ಮಳೆ ದೂಳುಗಳಲ್ಲಿ ಸವೆದು, ತುಕ್ಕು ಹಿಡಿದು, ಹಿಡಿ ಮುರಿದು ಕಾಲಕ್ರಮದಲ್ಲಿ ಕಡಿಮೆಯಾಗುತ್ತ ಹೋಗುತ್ತದೆ. ಆದ್ದರಿಂದಲೇ 1964ಕ್ಕೂ ಮುಂಚಿನ, ಚೆನ್ನಾಗಿ ಉಳಿದಿರುವ ಒಂದು ಸಾದಾ 1894ನೇ ಮಾದರಿಗೆ ಸಂಗ್ರಾಹಕರು ಮುಗಿಬೀಳುತ್ತಾರೆ. ಸ್ಮರಣಾರ್ಥ ಕೋವಿಯನ್ನಾದರೋ ಕೊಂಡವರಲ್ಲಿ ಬಹುಪಾಲು ಜನ ಮುಂದೊಂದು ದಿನ ಬೆಲೆ ಬಂದೀತೆಂಬ ಒಂದೇ ಆಸೆಯಿಂದ ಗುಂಡು ಹಾರಿಸದೆ, ಪೆಟ್ಟಿಗೆ ಬಿಚ್ಚದೆ ಕಪಾಟಿನಲ್ಲಿಟ್ಟರು. ಇಷ್ಟೊಂದು ಜನ ಕಾಪಾಡಿಕೊಂಡದ್ದರಿಂದ ಯಾರದೂ ಅಪರೂಪವಾಗಲಿಲ್ಲ. ಇದಕ್ಕೆ ಇನ್ನೊಂದು ತೊಡಕೂ ಸೇರಿದೆ. ಖರ್ಚು ಉಳಿಸಲೆಂದು ವಿಂಚೆಸ್ಟರ್ ತನ್ನ ತಯಾರಿಕೆಯ ಕ್ರಮವನ್ನು ಬದಲಿಸಿ, ಕಡೆದು ಮಾಡುತ್ತಿದ್ದ ಕೆಲ ಭಾಗಗಳನ್ನು ಅಚ್ಚೊತ್ತಿದ ತಗಡಿನಿಂದ ಮಾಡತೊಡಗಿದ್ದು ಸರಿಯಾಗಿ ಅದೇ 1964ರಲ್ಲಿ; ಹೀಗಾಗಿ ಅಲ್ಲಿಂದೀಚಿನ ಆವೃತ್ತಿಗಳಲ್ಲಿ ಹೊರಗಿನ ಲೇಪ ಎಷ್ಟೇ ಹೊಳೆಯುತ್ತಿದ್ದರೂ ಒಳಗಿನ ಕೆಲಸದ ಬಗ್ಗೆ ಹಳೆಯ ಸಂಗ್ರಾಹಕರಿಗೆ ಅಷ್ಟಾಗಿ ಒಲವಿಲ್ಲ. ಚಿನ್ನದ ಲೇಪವೂ ಅತಿ ತೆಳುವಾದದ್ದು, ಲೋಹವಾಗಿ ಅದಕ್ಕೆ ಬೆಲೆಯಿಲ್ಲ.

ಹೂಡಿಕೆಯ ಮಾತನ್ನು ಲೆಕ್ಕದಲ್ಲೇ ನೋಡಬಹುದು. ‘ಸೆಂಟೆನಿಯಲ್ 66’ ಬಿಡುಗಡೆಯಾದಾಗ ಅದರ ಬೆಲೆ 125 ಡಾಲರ್. ಅಮೆರಿಕದ ಹಣದುಬ್ಬರವನ್ನು ಲೆಕ್ಕಕ್ಕೆ ಹಿಡಿದರೆ ಆ 125 ಡಾಲರ್ ಇಂದಿನ 1,200 ಡಾಲರಿಗೂ ಹೆಚ್ಚು. ‘ಜಾನ್ ವೇಯ್ನ್’ ಆವೃತ್ತಿಗೆ 1981ರಲ್ಲಿ 600 ಡಾಲರ್ ಇತ್ತು, ಅದು ಇಂದಿನ 2,000 ಡಾಲರಿಗೂ ಮಿಗಿಲು. ಅಂದರೆ ಇಷ್ಟು ದಶಕ ಜೋಪಾನ ಮಾಡಿದ ಮೇಲೂ ಈ ಮೊತ್ತ ಕೈಗೆ ಬಂದರೆ ಮಾತ್ರ ಅಸಲು ಉಳಿಯಿತೆನ್ನಬೇಕು, ಲಾಭದ ಮಾತು ಅದರಾಚೆಗಿನದು. ಬಹುಪಾಲು ಪ್ರತಿಗಳು ಆ ಅಸಲಿನ ಗೆರೆಯನ್ನೂ ಮುಟ್ಟುವುದಿಲ್ಲವೆಂಬುದು ಮಾರಾಟಗಳನ್ನು ಗಮನಿಸುತ್ತ ಬಂದಿರುವ ನನ್ನ ಅನುಭವ. ಪಾಶ್ಚಾತ್ಯ ಕೌಬಾಯ್ ಚಿತ್ರಗಳನ್ನು ನೋಡಿ ಬೆಳೆದು ಈ ಹೆಸರುಗಳಿಗೆ ಮನಸೋತಿದ್ದ ತಲೆಮಾರು ಈಗ ಕೊಳ್ಳುವ ವಯಸ್ಸನ್ನು ದಾಟಿ ಮಾರುವ ವಯಸ್ಸಿಗೆ ಬಂದಿದೆ ಎಂಬುದನ್ನೂ ಮರೆಯುವಂತಿಲ್ಲ.

ಒಂದು ನಿಜವಾದ ಪರೀಕ್ಷೆ ಹೇಗಿರುತ್ತದೆಂಬುದಕ್ಕೆ ಉದಾಹರಣೆ ಕೊಡುತ್ತೇನೆ. ಮೈಸೂರು ಮೂಲದ, ಅಮೆರಿಕದ ಪ್ರಜೆಯಾಗಿರುವ ಹಿರಿಯ ಮಹಿಳೆಯೊಬ್ಬರಿಗೆ ಅವರ ದಿವಂಗತ ಅಮೆರಿಕನ್ ಪತಿಯಿಂದ ‘ಸೆಂಟೆನಿಯಲ್ 66’ ಕಾರ್ಬೈನ್ (ಗಿಡ್ಡ ನಳಿಗೆಯ ರೈಫಲ್) ಬಂದಿತ್ತು. ಅಂತರಜಾಲದಲ್ಲಿ ಯಾರೋ 3,500 ಡಾಲರ್ ಕೇಳಿದ್ದನ್ನು ಮಗಳು ತೋರಿಸಿದ್ದರಿಂದ ಅವರ ಮನಸ್ಸಿನಲ್ಲಿ ಆ ಅಂಕಿಯೇ ನಿಂತಿತ್ತು. ಕೋವಿ ಖಾಲಿಯಿದೆಯೆಂದು ಮೊದಲು ಖಚಿತಪಡಿಸಿಕೊಂಡು, ಲಿವರ್ ಕೆಳಗಿಳಿಸಿ, ಸಣ್ಣ ಟಾರ್ಚಿನ ಬೆಳಕಿನಲ್ಲಿ ಬೋಲ್ಟಿನ, ಅಂದರೆ ತೋಟೆಯನ್ನು ಹಿಂದಿನಿಂದ ಮುಚ್ಚುವ ಭಾಗದ, ಮುಖ ನೋಡಿದೆ. ತೋಟೆಗೆ ಬಡಿದು ಸಿಡಿಸುವ ಫೈರಿಂಗ್ ಪಿನ್ನಿನ ರಂಧ್ರದ ಸುತ್ತ ಹಿತ್ತಾಳೆಯ ತೆಳುವಾದ ಉಂಗುರದ ಗುರುತಿತ್ತು; ತೋಟೆಯ ಹಿಂಬದಿ ಬಡಿದು ಬಡಿದು ಮೂಡುವ ಗುರುತದು. ಒಂದಷ್ಟು ಸುತ್ತಾದರೂ ಗುಂಡು ಹಾರಿಸಿದ್ದಾರೆಂಬುದಕ್ಕೆ ಅಷ್ಟು ಸಾಕು. ಲೋಹಕ್ಕೆ ಲೋಹ ಉಜ್ಜುವ ಕಡೆ ಚಿನ್ನದ ಲೇಪ ಸವೆದು ಬೂದುಬಣ್ಣ ಇಣುಕುತ್ತಿತ್ತು, ಕೈ ಹಿಡಿಯುವ ಜಾಗದಲ್ಲಿ ಬೆವರಿನ ಸಣ್ಣ ಚುಕ್ಕೆಗಳಿದ್ದವು. ಪೆಟ್ಟಿಗೆ ಇತ್ತಾದರೂ ಅದರ ತುದಿಯ ಚೀಟಿಯ ಮೇಲಿದ್ದ ಕ್ರಮಸಂಖ್ಯೆ ಕೋವಿಯ ಮೇಲಿನದಕ್ಕೆ ಹೊಂದಲಿಲ್ಲ, ಬಹುಶಃ ಎಂದೋ ಅಂಗಡಿಯಲ್ಲಿ ಅದಲುಬದಲಾಗಿರಬೇಕು. ಹೊರಕವಚ, ಕೈಪಿಡಿ, ನೇತುಹಾಕುವ ಚೀಟಿ ಯಾವುದೂ ಇರಲಿಲ್ಲ. ಇಂಥ ಸ್ಥಿತಿಯದಕ್ಕೆ 600ರಿಂದ 800 ಡಾಲರ್ ಬಂದರೆ ಸಮಾಧಾನಪಡಬಹುದೆಂದು ಹೇಳಿದೆ. ಅವರಿಗೆ ಬೇಸರವಾದದ್ದು ನಿಜ, ಆದರೆ ಕೊನೆಗೆ ಮಾರಾಟವಾದದ್ದು ಆ ಅಂದಾಜಿನೊಳಗೇ.

ಸ್ಮರಣಾರ್ಥ ಕೋವಿಯ ವಿಷಯದಲ್ಲಿ ಸ್ಥಿತಿಯೆಂಬುದು ಇಷ್ಟು ಕಟ್ಟುನಿಟ್ಟು. ಬಳಕೆಯ ರೈಫಲ್ಲಿಗೆ ಒಂದೆರಡು ಗೀರು ದೊಡ್ಡ ವಿಷಯವಲ್ಲ. ಇದಕ್ಕೆ ಬೆಲೆ ಇರುವುದೇ ಕಾರ್ಖಾನೆಯಿಂದ ಬಂದ ಹಾಗೆಯೇ ಇದೆ ಎಂಬ ಕಾರಣಕ್ಕಾದ್ದರಿಂದ, ಗುಂಡು ಹಾರಿಸಿದೊಡನೆ ಅದು ಸಾಮಾನ್ಯ ಬೇಟೆ ರೈಫಲ್ಲಿನ ಸಾಲಿಗೆ ಇಳಿಯುತ್ತದೆ. ಹಳೆಯ ಕೋವಿ ಕೈಗೆ ಬಂದವರು ಅದನ್ನು ಹೊಳಪು ಪುಡಿಯಿಂದ ತಿಕ್ಕಿ ಬೆಳಗಲು ಹೋಗಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಲೇಪ ಕಿತ್ತುಬಂದರೆ ಮತ್ತೆ ಹಾಕಿಸಿದ ಲೇಪಕ್ಕೆ ಮೊದಲಿನ ಬೆಲೆ ಬರುವುದಿಲ್ಲ. ತೆಳ್ಳಗೆ ಎಣ್ಣೆ ಸವರಿ, ಬರಿಗೈಯಲ್ಲಿ ಮುಟ್ಟದೆ ಇಟ್ಟರೆ ಸಾಕು.

ಬೆಲೆ ತಿಳಿಯಲು ನೋಡಬೇಕಾದದ್ದು ಕೇಳಿದ ಬೆಲೆಯನ್ನಲ್ಲ, ಕೊಟ್ಟ ಬೆಲೆಯನ್ನು. ಗನ್‌ಬ್ರೋಕರ್‌ನಂಥ ಅಂತರಜಾಲ ಹರಾಜು ತಾಣಗಳಲ್ಲಿ ಮುಗಿದುಹೋದ ಮಾರಾಟಗಳನ್ನು ಬೇರೆಯಾಗಿ ಹುಡುಕಲು ಅವಕಾಶವಿದೆ. ಕಳೆದ ಒಂದು ವರ್ಷದಲ್ಲಿ ಅದೇ ಆವೃತ್ತಿಯ, ಅದೇ ಉದ್ದದ ನಳಿಗೆಯ, ಅದೇ ಸ್ಥಿತಿಯ ಕೋವಿಗಳು ಎಷ್ಟಕ್ಕೆ ಹೋದವೆಂದು ಪಟ್ಟಿಮಾಡಿ, ಪೈಪೋಟಿಯಲ್ಲಿ ಏರಿದ ಒಂದೆರಡನ್ನೂ ಅವಸರಕ್ಕೆ ಮಾರಿದ ಒಂದೆರಡನ್ನೂ ಬಿಟ್ಟು ನೋಡಿದರೆ ನಡುವಿನ ಬೆಲೆ ತಾನಾಗಿ ಕಾಣುತ್ತದೆ. ವ್ಯಾಪಾರಿಗಳು ನೋಡುವ ಬೆಲೆಪುಸ್ತಕ ಉಪಯುಕ್ತವೇ ಹೌದು, ಆದರೆ ಅದರಲ್ಲಿ ನಮೂದಾಗಿರುವ ಗರಿಷ್ಠ ಅಂಕಿ ಪೆಟ್ಟಿಗೆ ಸಮೇತ ಹೊಸದಾಗಿಯೇ ಉಳಿದ ಕೋವಿಗೆ ಎಂಬುದನ್ನು ಮರೆತು ಓದುವವರೇ ಹೆಚ್ಚು. ಇನ್ನು ಹರಾಜಿನ ಬೆಲೆ ಮಾರುವವನ ಕೈಗೆ ಪೂರ್ತಿ ಬರುವುದಿಲ್ಲ. ತಾಣದ ಶುಲ್ಕ, ಸಾಗಣೆ, ವಿಮೆ ಕಳೆಯಬೇಕು. ನೇರವಾಗಿ ಅಂಗಡಿಗೆ ಕೊಟ್ಟರೆ, ಅವರೂ ಲಾಭಕ್ಕೆ ಮಾರಬೇಕಾದ್ದರಿಂದ, ಮೂರರಲ್ಲಿ ಎರಡು ಪಾಲು ಸಿಕ್ಕರೆ ಹೆಚ್ಚು. ವಿಮೆಗಾಗಿ ಬರೆಸಿದ ಮೌಲ್ಯಪತ್ರವನ್ನು ಹಿಡಿದು ಮಾರಲು ಹೋಗುವುದೂ ವ್ಯರ್ಥ, ಏಕೆಂದರೆ ಅದು ಅಂಥದೇ ಇನ್ನೊಂದನ್ನು ಕೊಳ್ಳಲು ತಗಲುವ ವೆಚ್ಚದ ಅಂದಾಜೇ ಹೊರತು ಮಾರಿದರೆ ಬರುವ ಹಣದ್ದಲ್ಲ. ಮೌಲ್ಯಮಾಪಕರನ್ನು ಕರೆಯುವುದಾದರೆ ತಾವೇ ಕೊಳ್ಳುವ ಉದ್ದೇಶವಿಲ್ಲದವರನ್ನು ಕರೆಯಬೇಕು.

ಎಲ್ಲ ಸ್ಮರಣಾರ್ಥ ಕೋವಿಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಇಲಿನಾಯ್ ರಾಜ್ಯದ ಜೆನೆಸಿಯೊ ಪಟ್ಟಣದ 125ನೇ ವರ್ಷಕ್ಕೆಂದು ಕೋಲ್ಟ್ ಕಂಪನಿ 1961ರಲ್ಲಿ ತಂದ ಪುಟ್ಟ ಪಿಸ್ತೂಲುಗಳು ಬರೀ 104. ಅಂಥವುಗಳಿಗೆ ಸಂಗ್ರಾಹಕರ ವಲಯದಲ್ಲಿ ಯಾವಾಗಲೂ ಬೇಡಿಕೆಯಿದೆ. ಇನ್ನು ಕೋವಿಯೇ ಇತಿಹಾಸದ ಭಾಗವಾಗಿದ್ದರೆ ಲೆಕ್ಕವೇ ಬೇರೆ. ಟಿಪ್ಪು ಸುಲ್ತಾನನ ಶಸ್ತ್ರಾಗಾರದ್ದೆನ್ನಲಾದ, ಬೆಳ್ಳಿಯ ಕೆಲಸದ ಕೋವಿಯೊಂದು 2019ರಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ ಸುಮಾರು 60,000 ಪೌಂಡಿಗೆ ಹೋಯಿತು. ಅದು ಶ್ರೀರಂಗಪಟ್ಟಣದ ಆ ಕಾಲಕ್ಕೇ ಸೇರಿದ ವಸ್ತು. ಸ್ಮರಣಾರ್ಥ ಆವೃತ್ತಿ ಘಟನೆ ನಡೆದು ಎಷ್ಟೋ ವರ್ಷಗಳ ಮೇಲೆ ಅದರ ನೆನಪಿಗೆಂದು ಕಾರ್ಖಾನೆಯಲ್ಲಿ ಮಾಡಿದ್ದು. ಬಫಲೊ ಬಿಲ್ ಕೈಯಲ್ಲಿ ಹಿಡಿದಿದ್ದ ರೈಫಲ್ಲಿಗೂ ಅವನ ಹೆಸರು ಕೆತ್ತಿದ ರೈಫಲ್ಲಿಗೂ ಒಂದೇ ತಕ್ಕಡಿ ಹಿಡಿಯಲಾಗದು.

ನಮ್ಮ ಕೊಡಗಿನವರ ಅಂದಾಜು ತಪ್ಪುವುದಕ್ಕೆ ಮತ್ತೊಂದು ಕಾರಣವೂ ಇದೆ. ಭಾರತದಲ್ಲಿ ಖಾಸಗಿಯವರು ವಿದೇಶದ ಕೋವಿ ಆಮದು ಮಾಡಿಕೊಳ್ಳುವ ದಾರಿ 1980ರ ದಶಕದಿಂದಲೇ ಬಹುತೇಕ ಮುಚ್ಚಿರುವುದರಿಂದ, ತೋಟದ ಮನೆಗಳಲ್ಲಿ ಕೈಲ್ ಮುಹೂರ್ತದ ದಿನ ಪೂಜೆಗಿಡುವ ಇಂಗ್ಲೆಂಡಿನ ಹಳೆಯ ಜೋಡಿ ನಳಿಗೆ ಕೋವಿಗೆ ಅದರ ತವರಿನಲ್ಲಿ ಸಿಗುವುದರ ಹಲವು ಪಟ್ಟು ಬೆಲೆ ಭಾರತದಲ್ಲಿ ಸಿಗುತ್ತದೆ. ಆ ಬೆಲೆ ಬಾಗಿಲು ಮುಚ್ಚಿದ ಮಾರುಕಟ್ಟೆಯದು. ಅದನ್ನು ನೋಡಿ ಅಮೆರಿಕದ ಕೋವಿಗೆ ಬೆಲೆ ಕಟ್ಟಿದರೆ ಲೆಕ್ಕ ತಪ್ಪದೆ ಇರದು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯಡಿ 2029ರವರೆಗೆ ಇರುವ ಪರವಾನಗಿ ವಿನಾಯಿತಿಯನ್ನು ನೆನೆದು, ಅಮೆರಿಕದ ಕೋವಿಯನ್ನು ಊರಿಗೆ ತರಿಸಿಕೊಂಡು ಮಾರಬಹುದೆಂದು ಕೆಲವರು ಭಾವಿಸಿದ್ದಾರೆ. ಆ ವಿನಾಯಿತಿಗೂ ಆಮದಿಗೂ ಸಂಬಂಧವಿಲ್ಲ.

ಕೊನೆಯದಾಗಿ, ಅಮೆರಿಕದಲ್ಲಿರುವ ನಮ್ಮ ಯುವಕರಿಗೆ ತಿಳಿದಿರಲೇಬೇಕಾದ ಕಾನೂನಿನ ವಿಷಯ. ಎಚ್-1ಬಿ ಮುಂತಾದ ವಲಸೆಯೇತರ ವೀಸಾದ ಮೇಲಿರುವವರು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಬಂದೂಕು ಕೊಳ್ಳುವುದಾಗಲಿ ಇಟ್ಟುಕೊಳ್ಳುವುದಾಗಲಿ ಸಾಮಾನ್ಯವಾಗಿ ನಿಷಿದ್ಧ. ಬೇಟೆಯ ಪರವಾನಗಿ ಹೊಂದಿದವರಿಗೆ ಇರುವಂಥ ಕೆಲವೇ ವಿನಾಯಿತಿಗಳಿವೆ. ಹಿರಿಯ ಸಹೋದ್ಯೋಗಿಯೋ ನೆರೆಯವರೋ ಪ್ರೀತಿಯಿಂದ ಕೊಟ್ಟ ಸ್ಮರಣಾರ್ಥ ರೈಫಲ್ಲಿಗೂ ಇದು ಅನ್ವಯಿಸುತ್ತದೆ. ಅಲಂಕಾರದ ವಸ್ತು, ಗೋಡೆಗೆ ತೂಗುಹಾಕಲು ಮಾತ್ರ ಎಂಬ ಸಮಜಾಯಿಷಿ ನಡೆಯುವುದಿಲ್ಲ. 1898ರವರೆಗೆ ತಯಾರಾದವನ್ನು ಕಾನೂನು ಪುರಾತನವೆಂದು ಬೇರೆಯಾಗಿ ನೋಡುತ್ತದೆಯಾದರೂ ಈ ಆವೃತ್ತಿಗಳು ಆ ವರ್ಗಕ್ಕೆ ಸೇರುವುದಿಲ್ಲ. ಬೇರೆ ರಾಜ್ಯದವರಿಗೆ ಮಾರುವುದಾದರೆ 1968ರ ಬಂದೂಕು ನಿಯಂತ್ರಣ ಕಾಯ್ದೆಯಂತೆ ಪರವಾನಗಿ ಪಡೆದ ವ್ಯಾಪಾರಿಯ ಮೂಲಕವೇ ಕೋವಿ ಕೈಬದಲಾಗಬೇಕು. ಆದರೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕೋವಿಗಳನ್ನು ಸಂಗ್ರಾಹಕರ ಪರವಾನಗಿ ಉಳ್ಳವರು ನೇರವಾಗಿ ತರಿಸಿಕೊಳ್ಳಬಹುದು; 1960ರ ದಶಕದ ಆವೃತ್ತಿಗಳು ಈ ವರ್ಗಕ್ಕೆ ಸೇರುತ್ತವೆ. ಸ್ವಂತಕ್ಕೆ ಇಟ್ಟುಕೊಳ್ಳುವ ಹಕ್ಕಿಲ್ಲದವರಿಗೆ ಕೋವಿ ಉತ್ತರಾಧಿಕಾರದಿಂದ ಬರುವುದಿದ್ದರೆ, ಅದನ್ನು ಮನೆಗೆ ತರುವ ಮುನ್ನವೇ ವಕೀಲರನ್ನು ಕಂಡು, ಪರವಾನಗಿ ಇರುವ ವ್ಯಾಪಾರಿಯ ವಶಕ್ಕೆ ನೇರವಾಗಿ ಹೋಗುವಂತೆ ಏರ್ಪಾಡು ಮಾಡಿಸಬೇಕು. ಮಾರಾಟದ ಹಣ ಆಮೇಲೆ ಅವರಿಗೆ ಬರುತ್ತದೆ.

ಇಂಥ ಸುದ್ದಿಗಳನ್ನು ಪ್ರಕಟಿಸುವಾಗ ಮಾರುವವರು ಹೇಳಿದ ಬೆಲೆಯ ಜೊತೆಗೆ, ಅಂಥದೇ ಕೋವಿ ಈಚೆಗೆ ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತೆಂಬುದನ್ನೂ ಕೊಡಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕೊಡಗು ಮೂಲದ ಓದುಗ, ಟೆಕ್ಸಾಸ್